ಲಂಡನ್–ಮುಂಬಯಿ: ದಾರಿಯ ಬಾಗಿಲುಗಳು

ಊರು ಎಷ್ಟು ದೂರವೆಂದು ಕೇಳಿದರೆ ನಮ್ಮ ಹಿರಿಯರು ಗಾವುದ, ಹರದಾರಿಗಳ ಲೆಕ್ಕ ಬಿಟ್ಟು ‘ಎರಡು ದಿನದ ದಾರಿ’ ಎಂದುಬಿಡುತ್ತಿದ್ದರು. ಹೊಳೆ ತುಂಬಿ ಹರಿದರೆ ಅದೇ ದಾರಿ ನಾಲ್ಕು ದಿನದ್ದಾಗುತ್ತಿತ್ತು. ಲಂಡನ್ನಿಗೂ ಮುಂಬಯಿಗೂ ನಡುವಣ ದೂರದ ಚರಿತ್ರೆಯನ್ನು ನೋಡಿದರೆ ಆ ಹಳೆಯ ಲೆಕ್ಕವೇ ಸರಿಯೆಂದು ತೋರುತ್ತದೆ.

ಭೂಗೋಳದ ಮೇಲೆ ದಾರ ಹಿಡಿದು ಅಳೆದರೆ ಈ ನಗರಗಳ ಅಂತರ ಸುಮಾರು 7,200 ಕಿಲೋಮೀಟರ್. ಆದರೆ ಹಾಯಿಹಡಗಿನ ಕಾಲದಲ್ಲಿ ಗುಡ್ ಹೋಪ್ ಭೂಶಿರವನ್ನು ಬಳಸಿ ಬರುವವರಿಗೆ ಅದು ಸುಮಾರು 20,000 ಕಿಲೋಮೀಟರ್. ತಿಂಗಳುಗಟ್ಟಲೆ ಪ್ರಯಾಣ, ಗಾಳಿ ಮುನಿದರೆ ಇನ್ನಷ್ಟು. 1869ರಲ್ಲಿ ಸೂಯೆಜ್ ಕಾಲುವೆ ತೆರೆದಾಗ ಸುಮಾರು 8,000 ಕಿಲೋಮೀಟರ್ ಉಳಿಯಿತು. ಹಬೆಹಡಗಿನ ಬಲವೂ ಸೇರಿ ತಿಂಗಳುಗಳು ವಾರಗಳಾದವು.

1929ರ ಮಾರ್ಚ್ 30ರಂದು ಇಂಪೀರಿಯಲ್ ಏರ್‌ವೇಸ್ ಸಂಸ್ಥೆ ಲಂಡನ್ನಿನ ಕ್ರಾಯ್ಡನ್ನಿನಿಂದ ಕರಾಚಿಗೆ ಸೇವೆಯನ್ನು ಆರಂಭಿಸಿತು. ವಿಮಾನಯಾನವೆಂದು ಹೆಸರು, ಆದರೆ ಪ್ರಯಾಣಿಕರು ಬಾಸೆಲ್‌ವರೆಗೆ ವಿಮಾನದಲ್ಲಿ ಬಂದು, ಅಲ್ಲಿಂದ ಜಿನೋವಾಕ್ಕೆ ರೈಲು ಹತ್ತಬೇಕು. ಜಿನೋವಾದಿಂದ ಅಲೆಕ್ಸಾಂಡ್ರಿಯಕ್ಕೆ ನೀರಿನ ಮೇಲಿಳಿಯುವ ವಿಮಾನ. ಕೈರೋಗೆ ಮತ್ತೆ ರೈಲು. ಆಮೇಲೆ ಮರಳುಗಾಡಿನ ಮೇಲೆ ಕರಾಚಿಗೆ ಹಾರಾಟ. ಒಟ್ಟು ಏಳು ದಿನ, ಸುಮಾರು 8,000 ಕಿಲೋಮೀಟರ್. ಗಂಟೆಗೆ 150 ಕಿಲೋಮೀಟರ್ ವೇಗದಲ್ಲಿ ಎಡೆಬಿಡದೆ ಹಾರಿದ್ದರೆ ಎರಡೂವರೆ ದಿನವೂ ಬೇಕಿರಲಿಲ್ಲ. ಉಳಿದ ಕಾಲವನ್ನೆಲ್ಲ ನೆಲ ತಿಂದಿತು: ರಾತ್ರಿಯ ತಂಗು, ಇಂಧನ, ರೈಲು, ದೇಶದೇಶಗಳ ಅನುಮತಿ.

ಕರಾಚಿಯಿಂದ ಈಚಿನ ದಾರಿಯಲ್ಲಿ ನಮ್ಮ ನಾಡಿಗೂ ಒಂದು ಪಾಲಿದೆ. 1932ರ ಅಕ್ಟೋಬರ್ 15ರಂದು ಜೆ. ಆರ್. ಡಿ. ಟಾಟಾ ಅವರು ಪುಟ್ಟ ಪಸ್ ಮಾತ್ ವಿಮಾನದಲ್ಲಿ ಕರಾಚಿಯ ಅಂಚೆಯನ್ನು ಅಹಮದಾಬಾದಿನ ಮೂಲಕ ಮುಂಬಯಿಗೆ ತಂದರು. ಅಲ್ಲಿಂದ ನೆವಿಲ್ ವಿನ್ಸೆಂಟ್ ಅದನ್ನು ಬಳ್ಳಾರಿಯ ಮಾರ್ಗವಾಗಿ ಮದ್ರಾಸಿಗೆ ಒಯ್ದರು. ಸೀಮೆಯ ಕಾಗದವನ್ನು ಹೊತ್ತ ವಿಮಾನ ಬಳ್ಳಾರಿಯಲ್ಲಿ ಇಳಿದು ಏಳುತ್ತಿತ್ತೆಂಬುದನ್ನು ನಾವು ಮರೆತಿದ್ದೇವೆ.

1948ರ ಜೂನ್ 8ರಂದು ‘ಮಲಬಾರ್ ಪ್ರಿನ್ಸೆಸ್’ ವಿಮಾನ ಮುಂಬಯಿಯಿಂದ ಕೈರೋ, ಜಿನೀವಾಗಳ ಮೂಲಕ ಲಂಡನ್ನಿಗೆ ಹಾರಿತು. ಬಾವುಟ ಸ್ವತಂತ್ರ ಭಾರತದ್ದು. 1960ರಲ್ಲಿ ಬೋಯಿಂಗ್ 707 ಜೆಟ್ ವಿಮಾನಗಳು ಏರ್ ಇಂಡಿಯಾಕ್ಕೆ ಬಂದವು. ಮುಂದೆ ನಡುವೆಲ್ಲೂ ಇಳಿಯದೆ ಹೋಗುವ ಹಾರಾಟಗಳು ಬಂದು, ದಾರಿ ಹತ್ತು ಗಂಟೆಯ ಆಸುಪಾಸಿಗೆ ಇಳಿಯಿತು.

ಹಾಗಾದರೆ ದೂರವನ್ನು ಗೆದ್ದೆವೆ? ಕಾಲುವೆ 1967ರ ಯುದ್ಧದಲ್ಲಿ ಮುಚ್ಚಿ, 1975ರವರೆಗೆ ತೆರೆಯಲಿಲ್ಲ. ಅಷ್ಟು ಕಾಲವೂ ಹಡಗುಗಳು ಮತ್ತೆ ಆಫ್ರಿಕವನ್ನು ಸುತ್ತಿದವು. 2019ರ ಫೆಬ್ರವರಿಯಿಂದ ಜುಲೈವರೆಗೆ ಪಾಕಿಸ್ತಾನದ ಆಕಾಶ ಮುಚ್ಚಿದ್ದಾಗ, ಭಾರತದಿಂದ ಯೂರೋಪಿಗೆ ಹೊರಟ ಎಷ್ಟೋ ವಿಮಾನಗಳು ಬಳಸುದಾರಿ ಹಿಡಿದವು. ಯಂತ್ರದ ವೇಗ ಕುಂದಿರಲಿಲ್ಲ, ಭೂಮಿಯೂ ಹಿಗ್ಗಿರಲಿಲ್ಲ. ದಾರಿಯ ಬಾಗಿಲು ಮುಚ್ಚಿತ್ತು.

ಎಂಜಿನು ದೂರವನ್ನು ಕುಗ್ಗಿಸುತ್ತದೆ, ನಿಜ. ಆದರೆ ಕುಗ್ಗಿದ ದೂರ ಹಾಗೆಯೇ ಉಳಿಯಬೇಕಾದರೆ ನೆರೆಹೊರೆಯವರ ನಡುವೆ ಮಾತು ನಿಲ್ಲಬಾರದು. ಹಿರಿಯರ ‘ಎರಡು ದಿನದ ದಾರಿ’ಗೆ ಹೊಳೆಯ ಕೃಪೆ ಬೇಕಿತ್ತು, ನಮ್ಮ ಹತ್ತು ಗಂಟೆಯ ದಾರಿಗೆ ಮನುಷ್ಯರ ಕೃಪೆ ಬೇಕು.