ಎಚ್‌ಐವಿ ಮೂತ್ರನಾಳದಲ್ಲಿ ಅಡಗಿರುತ್ತದೆಯೇ? – ಸದಸ್ಯರ ಮಾಹಿತಿಗಾಗಿ



ಫಾತೋರ್ಡಾದಲ್ಲಿ ನಮ್ಮವರು ಅನೇಕರು ಸಾಲು ಖೋಲಿಗಳಲ್ಲಿದ್ದಾರೆ. ನಾಲ್ಕಾರು ಸಂಸಾರಕ್ಕೆ ಒಂದೇ ಶೌಚಾಲಯ. ಎಚ್‌ಐವಿ ಮೂತ್ರನಾಳದಲ್ಲಿ ಅಡಗಿರುತ್ತದಂತೆ ಎಂಬ ಮಾತು ಕಿವಿಗೆ ಬಿದ್ದರೆ ಮೊದಲು ಏಳುವ ಪ್ರಶ್ನೆ ಶೌಚಾಲಯದ್ದೇ. ಆದ್ದರಿಂದ ಮೊದಲೇ ಬರೆದುಬಿಡುತ್ತೇನೆ: ಮೂತ್ರದಿಂದಾಗಲಿ, ಶೌಚಾಲಯ, ಬಕೆಟ್ಟು, ತಂಬಿಗೆಯಿಂದಾಗಲಿ ಎಚ್‌ಐವಿ ಹರಡುವುದಿಲ್ಲ.

ಮಾತಿನಲ್ಲಿ ಹುರುಳಿಲ್ಲವೆಂದಲ್ಲ. ಎ.ಆರ್.ಟಿ. ಮಾತ್ರೆ ತೆಗೆದುಕೊಂಡರೆ ರಕ್ತದಲ್ಲಿ ವೈರಾಣು ಪರೀಕ್ಷೆಗೂ ಸಿಗದಷ್ಟು ಇಳಿಯುತ್ತದೆ. ಆದರೆ ಕೆಲವು ಜೀವಕೋಶಗಳೊಳಗೆ ನಿದ್ದೆ ಹೋದಂತೆ ಉಳಿದಿರುತ್ತದೆ. ಮುಖ್ಯ ಅಡಗುತಾಣ ರಕ್ತ, ದುಗ್ಧಗ್ರಂಥಿ ಮತ್ತು ಕರುಳಿನ ಬಿಳಿ ರಕ್ತಕಣಗಳು. 2019ರಲ್ಲಿ ಪ್ಯಾರಿಸ್ಸಿನ ಸಂಶೋಧಕರು, ಮಾತ್ರೆಯಿಂದ ಸೋಂಕು ಹತೋಟಿಯಲ್ಲಿದ್ದ ಕೆಲವರ ಮೂತ್ರನಾಳದ ಒಳಪದರದಲ್ಲೂ ಮ್ಯಾಕ್ರೊಫೇಜ್ ಎಂಬ ಕಣಗಳೊಳಗೆ ವೈರಾಣುವನ್ನು ಕಂಡರು. ಅದಕ್ಕೂ ಮೊದಲು, 2014ರಲ್ಲಿ, ಫ್ರಾನ್ಸಿನಲ್ಲೇ ಕಿಡ್ನಿ ಕಸಿ ಮಾಡಿಸಿಕೊಂಡ 19 ಸೋಂಕಿತರನ್ನು ಪರೀಕ್ಷಿಸಿದಾಗ 13 ಜನರ ಹೊಸ ಕಿಡ್ನಿಯಲ್ಲಿ ವೈರಾಣು ಸಿಕ್ಕಿತ್ತು. ರಕ್ತದಲ್ಲಿ ಮಾತ್ರ ಕಾಣುತ್ತಿರಲಿಲ್ಲ.

ಹಾಗಾದರೆ ಗಂಡ ಹೆಂಡತಿಗೆ ಅಪಾಯವೇ? ಇದಕ್ಕೆ ಉತ್ತರ ಕೊಟ್ಟದ್ದು ದಂಪತಿಗಳ ಮೇಲೆ ನಡೆದ ದೊಡ್ಡ ಅಧ್ಯಯನಗಳು. ಪುಣೆ, ಚೆನ್ನೈಗಳೂ ಸೇರಿ 9 ದೇಶಗಳಲ್ಲಿ ನಡೆದ ಒಂದರಲ್ಲಿ 1,763 ಜೋಡಿಗಳಿದ್ದವು. ನಿಯಮಿತವಾಗಿ ಮಾತ್ರೆ ನುಂಗಿ, ವೈರಲ್ ಲೋಡ್ ಪರೀಕ್ಷೆಯಲ್ಲಿ ವೈರಾಣು ಕಾಣದಂತೆ ಉಳಿದವರಿಂದ ಸಂಗಾತಿಗೆ ಲೈಂಗಿಕವಾಗಿ ಸೋಂಕು ದಾಟುವುದಿಲ್ಲ ಎಂದು ಇಂದು ವೈದ್ಯಲೋಕ ಒಪ್ಪಿದೆ. ಅಡಗುತಾಣ ಇದ್ದರೂ ಇದು ನಿಜ.

ನಿಜವಾದ ಅಪಾಯ ಮಾತ್ರೆ ಬಿಡುವುದರಲ್ಲಿದೆ. ವರದಿಯಲ್ಲಿ ವೈರಾಣು ಕಾಣಲಿಲ್ಲ ಎಂದು ಬಂದೊಡನೆ ಗುಣವಾಯಿತು ಎಂದು ನಿಲ್ಲಿಸಿದರೆ, ಸಾಮಾನ್ಯವಾಗಿ ಕೆಲವೇ ವಾರಗಳಲ್ಲಿ ಅಡಗಿದ್ದದ್ದು ರಕ್ತಕ್ಕೆ ಮರಳುತ್ತದೆ. ಜಾತ್ರೆಗೆ, ಹಬ್ಬಕ್ಕೆ ಊರಿಗೆ ಹೋಗಿ ತಿಂಗಳುಗಟ್ಟಲೆ ಉಳಿಯುವವರು ಇದನ್ನು ಗಮನಿಸಬೇಕು. ಹೊರಡುವ ಮೊದಲೇ ಕೇಂದ್ರದಲ್ಲಿ ಹೇಳಿ ಸಾಕಷ್ಟು ಮಾತ್ರೆ ಪಡೆಯಿರಿ. ಊರಲ್ಲೇ ನೆಲೆಸುವುದಾದರೆ ವರ್ಗಾವಣೆ ಚೀಟಿ ಮಾಡಿಸಿಕೊಳ್ಳಿ. ಕಾಗದಪತ್ರದ ಬೆಲೆ ಗುಮಾಸ್ತನಾಗಿದ್ದ ನನಗೆ ಗೊತ್ತು! ಸರ್ಕಾರಿ ಕೇಂದ್ರಗಳಲ್ಲಿ ಈ ಔಷಧ 2004ರಿಂದ ಉಚಿತ.

ಕಿಡ್ನಿಯ ಬಗ್ಗೆ ಇನ್ನೊಂದು ಮಾತು. ಈಗ ಹೆಚ್ಚಿನವರಿಗೆ ಕೊಡುವ ಮಾತ್ರೆಯಲ್ಲಿ ಟೆನೊಫೊವಿರ್ ಇರುತ್ತದೆ. ಕೆಲವರಲ್ಲಿ ಅದು ಕಿಡ್ನಿಗೆ ತೊಂದರೆ ಮಾಡಬಹುದಾದ್ದರಿಂದ ಕ್ರಿಯಾಟಿನಿನ್ ಪರೀಕ್ಷೆ ತಪ್ಪಿಸಬೇಡಿ. ಗಾರೆ ಕೆಲಸದ ಮೈಕೈ ನೋವಿಗೆಂದು ಅಂಗಡಿಯಿಂದ ನೋವಿನ ಗುಳಿಗೆ ತಂದು ದಿನವೂ ನುಂಗುವ ಚಟ ನಮ್ಮವರಲ್ಲಿ ಬಹಳ. ಟೆನೊಫೊವಿರ್ ಜೊತೆ ಅದು ಕಿಡ್ನಿಗೆ ಮತ್ತಷ್ಟು ಭಾರ. ವೈದ್ಯರಿಗೆ ಮುಚ್ಚಿಡದೆ ಹೇಳಿ.

ಹೆದರಿಕೆಯಿಂದ ಜನರನ್ನು ದೂರವಿಡುವುದು ಗೋವಾಕ್ಕೆ ಹೊಸದಲ್ಲ. 1989ರಲ್ಲಿ ಡೊಮಿನಿಕ್ ಡಿಸೋಜಾ ಎಂಬ ಯುವಕನನ್ನು ಸೋಂಕಿದೆ ಎಂಬ ಒಂದೇ ಕಾರಣಕ್ಕೆ ಮಾಪ್ಸಾದಲ್ಲಿ 64 ದಿನ ಕಾವಲಿನಲ್ಲಿ ಇಟ್ಟಿದ್ದರು. ಪ್ರಕರಣ ಕೋರ್ಟಿಗೆ ಹೋಯಿತು. 2018ರ ಸೆಪ್ಟೆಂಬರಿನಿಂದ ಜಾರಿಯಲ್ಲಿರುವ ಎಚ್‌ಐವಿ ಕಾಯ್ದೆಯ ಪ್ರಕಾರ ಸೋಂಕಿನ ಕಾರಣಕ್ಕೆ ಕೆಲಸದಿಂದ ತೆಗೆಯುವುದು, ಬಾಡಿಗೆ ಮನೆ ನಿರಾಕರಿಸುವುದು ತಪ್ಪು. ಒಪ್ಪಿಗೆಯಿಲ್ಲದೆ ಪರೀಕ್ಷಿಸುವಂತೆಯೂ ಇಲ್ಲ.

ಉಚಿತ ಸಹಾಯವಾಣಿ 1097. ಸಂಘದಲ್ಲಿ ಯಾರಿಗಾದರೂ ಕೇಂದ್ರಕ್ಕೆ ಹೋಗಲು, ಕೊಂಕಣಿಯಲ್ಲಿ ಮಾತಾಡಲು ಜೊತೆ ಬೇಕಿದ್ದರೆ ನನಗೆ ತಿಳಿಸಿ. ಹೆಸರು ವಹಿಯಲ್ಲಿ ಬರೆಯುವುದಿಲ್ಲ.

– ಕಾರ್ಯದರ್ಶಿ