ಪ್ರೀತಿ, ಹಾಡು, ಜೀವನಚರಿತ್ರೆ: ನಡುವಿನ ಅಡ್ಡಗೋಡೆ

ಸಿನಿಮಾ ವ್ಯಾಪಾರದವರ ನಕಾಶೆಯಲ್ಲಿ ನಾಗಪುರ ಈಗಲೂ ‘ಸಿ.ಪಿ. ಬೇರಾರ್’ ವಲಯದಲ್ಲಿದೆ. ಆ ಹೆಸರಿನ ಸರ್ಕಾರಿ ಪ್ರಾಂತ ಅಳಿದು ಎಷ್ಟೋ ಕಾಲವಾಯಿತು. ಹಂಚಿಕೆದಾರರ ಲೆಕ್ಕದಲ್ಲಿ ಮಾತ್ರ ಅದಕ್ಕೆ ಸಾವಿಲ್ಲ. ಅದರ ಪಕ್ಕದಲ್ಲಿ ‘ನಿಜಾಮ್’, ‘ಮೈಸೂರು’ ಎಂಬ ವಲಯಗಳೂ ಹಾಗೇ ಉಳಿದುಕೊಂಡಿವೆ. 1956ರವರೆಗೆ ಮಧ್ಯಪ್ರದೇಶದ ರಾಜಧಾನಿಯಾಗಿದ್ದ ಊರು ಇದು. ಇಲ್ಲಿನ ಧರಮಪೇಠ ಬಡಾವಣೆಯಲ್ಲಿ ಮರಾಠಿಯಲ್ಲಿ ಮನೆ ನಡೆಸಿ ಹಿಂದಿಯಲ್ಲಿ ಸಿನಿಮಾ ನೋಡುವುದು ಯಾರಿಗೂ ವಿಚಿತ್ರವಲ್ಲ. ಕನ್ನಡದ ಮನೆಯಾದರೆ ಊಟ ಮುಗಿದ ಮೇಲೆ ಟಿವಿಯಲ್ಲಿ ಮೂರನೆಯ ಭಾಷೆಯೂ ಸೇರಿಕೊಳ್ಳುತ್ತದೆ. ಹೀಗೆ ಮೂರು ಭಾಷೆಗಳಲ್ಲಿ, ಯಾವುದನ್ನೂ ಶಾಸ್ತ್ರೋಕ್ತವಾಗಿ ಅಭ್ಯಾಸ ಮಾಡದೆ ನೋಡುತ್ತ ಬಂದ ನನ್ನಂಥವರಿಗೆ ಮೂರು ಬಗೆಯ ಚಿತ್ರಗಳ ಬಗ್ಗೆ ಗಟ್ಟಿಯಾದ ಅಭಿಪ್ರಾಯಗಳು ಬೆಳೆದಿವೆ: ನಗಿಸುವ ಪ್ರೇಮಕಥೆ, ಸಂಗೀತಪ್ರಧಾನ ಚಿತ್ರ, ಜೀವನಚರಿತ್ರೆ. ಮೂರಕ್ಕೂ ನನ್ನದು ಒಂದೇ ಪ್ರಶ್ನೆ. ಇಲ್ಲಿ ಅಡ್ಡ ಬರುವುದು ಯಾವುದು?

ಹಾಡಿನಿಂದ ಶುರು ಮಾಡಬೇಕು, ಏಕೆಂದರೆ ನಮ್ಮಲ್ಲಿ ಅದೇ ಹಿರಿಯಣ್ಣ. ಬೆಳಗಾವಿ ಸೀಮೆಯ ಗುರ್ಲಹೊಸೂರಿನ ಅಣ್ಣಾಸಾಹೇಬ ಕಿರ್ಲೋಸ್ಕರ 1880ರಲ್ಲಿ ಶಾಕುಂತಲವನ್ನು ಮರಾಠಿ ಸಂಗೀತ ನಾಟಕವಾಗಿ ರಂಗಕ್ಕೆ ತಂದರು. ಅಲ್ಲಿಂದ ಅರ್ಧ ಶತಮಾನ ಜನ ನಾಟಕಕ್ಕೆ ಹೋಗುತ್ತಿದ್ದುದು ಬಹುಪಾಲು ಹಾಡು ಕೇಳುವುದಕ್ಕೆ. 1931ರಲ್ಲಿ ‘ಆಲಂ ಆರಾ’ ಏಳು ಹಾಡುಗಳೊಂದಿಗೆ ಬಾಯಿ ಬಿಟ್ಟಿತು. ಮರುವರ್ಷದ ‘ಇಂದ್ರಸಭಾ’ದಲ್ಲಿ ಹಾಡುಗಳ ಸಂಖ್ಯೆ ಎಪ್ಪತ್ತರ ಸುಮಾರು. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ ತೆರೆಕಂಡದ್ದು 1934ರಲ್ಲಿ, ಚಿತ್ರೀಕರಣ ನಡೆದದ್ದು ಕೊಲ್ಹಾಪುರದಲ್ಲಿ. ನಟಿಸಿದವರು ರಂಗಭೂಮಿಯಿಂದ ಬಂದವರು, ಹಾಡುಗಳೂ ಅವರ ಜೊತೆಗೇ ಬಂದವು. ಹಾಲಿವುಡ್ಡಿನಲ್ಲಿ ಸಂಗೀತದ ಚಿತ್ರವೆಂದರೆ ಒಂದು ಪ್ರತ್ಯೇಕ ಜಾತಿ. ನಮ್ಮಲ್ಲಿ ಹಾಡಿಲ್ಲದ ಚಿತ್ರವೇ ಪ್ರತ್ಯೇಕ ಜಾತಿಯಾಯಿತು.

ಇದರಿಂದ ಲಾಭವೂ ಆಯಿತು, ನಷ್ಟವೂ ಆಯಿತು. ಎಲ್ಲ ಚಿತ್ರಗಳಲ್ಲೂ ಹಾಡಿರುವಾಗ ಹಾಡು ಕಥೆಯ ಕೆಲಸ ಮಾಡಲೇಬೇಕೆಂಬ ಒತ್ತಾಯ ಉಳಿಯಲಿಲ್ಲ. ನಾಯಕ ನಾಯಕಿ ಬೆಟ್ಟ ಹತ್ತಿ ಇಳಿದು ಬರುವಷ್ಟರಲ್ಲಿ ನೋಡುಗರು ಹೊರಗೆ ಹೋಗಿ ಬರುವ ಪದ್ಧತಿ ಬೆಳೆದದ್ದು ಹೀಗೆ. ನನಗೆ ಹಿಡಿಸುವುದು ಸಂಗೀತವೇ ಜಗಳದ ವಸ್ತುವಾದ ಚಿತ್ರಗಳು. ಅ.ನ.ಕೃ. ಕಾದಂಬರಿಯಿಂದ ಬಂದ ‘ಸಂಧ್ಯಾರಾಗ’ (1966) ಅಂಥದ್ದು. ಗದಗ ಸೀಮೆಯ ಭೀಮಸೇನ ಜೋಶಿ ಅದಕ್ಕೆ ಹಾಡಿದರು. ತ.ರಾ.ಸು. ಕಾದಂಬರಿ ಆಧರಿಸಿ ಜಿ.ವಿ. ಅಯ್ಯರ್ ಮಾಡಿದ ‘ಹಂಸಗೀತೆ’ (1975) ಇನ್ನೊಂದು. ಚಿತ್ರದುರ್ಗದ ಭೈರವಿ ವೆಂಕಟಸುಬ್ಬಯ್ಯ ಅಲ್ಲಿ ಹೋರಾಡುವುದು ಖಳನಾಯಕನೊಂದಿಗಲ್ಲ, ತನ್ನ ವಿದ್ಯೆಯ ಸೊಕ್ಕಿನೊಂದಿಗೆ. ಹಾಡನ್ನು ಕತ್ತರಿಸಿದರೆ ಆ ಚಿತ್ರದಲ್ಲಿ ಏನೂ ಉಳಿಯುವುದಿಲ್ಲ.

ನಾಗಪುರ ಈ ಸಾಲಿಗೆ ಕೊಟ್ಟದ್ದು ದೊಡ್ಡದು. ಈ ಊರಿನ ನಾಟಕಕಾರ ಪುರುಷೋತ್ತಮ ದಾರ್ವೇಕರ್ ಬರೆದ ‘ಕಟ್ಯಾರ್ ಕಾಳಜಾತ್ ಘುಸಲಿ’ 1967ರಲ್ಲಿ ರಂಗಕ್ಕೆ ಬಂತು. ಸಂಗೀತ ಜಿತೇಂದ್ರ ಅಭಿಷೇಕಿ ಅವರದು. ಖಾನ್‌ಸಾಹೇಬನಾಗಿ ಹಾಡಿ ನಟಿಸಿದವರು ಬಾಲ್ಯವನ್ನು ನಾಗಪುರದಲ್ಲೇ ಕಳೆದ ವಸಂತರಾವ್ ದೇಶಪಾಂಡೆ. ಆಸ್ಥಾನ ಗಾಯಕನ ಪಟ್ಟದೊಂದಿಗೆ ಒಂದು ಕಠಾರಿ ಸಿಗುತ್ತದೆ. ಆ ಕಠಾರಿಯಿಂದ ಮಾಡಿದ ಒಂದು ಕೊಲೆಗೆ ಮಾಫಿಯುಂಟು. ಕಥೆಯೆಲ್ಲ ಇಷ್ಟರಲ್ಲೇ ಅಡಗಿದೆ. ವಿದ್ಯೆ ಕೊಡಲೊಲ್ಲದ ಗುರು, ಕದ್ದಾದರೂ ಕಲಿಯಬೇಕೆನ್ನುವ ಶಿಷ್ಯ. 2015ರಲ್ಲಿ ಸುಬೋಧ್ ಭಾವೆ ಇದನ್ನು ಸಿನಿಮಾ ಮಾಡಿದಾಗ ಸಭಾಂಗಣದಲ್ಲಿ ಹರೆಯದವರೂ ತಾನುಗಳಿಗೆ ಚಪ್ಪಾಳೆ ತಟ್ಟಿದರು. ಸಚಿನ್ ಪಿಳಗಾಂವ್‌ಕರ್ ಅವರ ಖಾನ್‌ಸಾಹೇಬ ನನಗೆ ತುಸು ಅತಿಯೆನಿಸಿದ. ಆದರೂ ಆಲಾಪವನ್ನು ಕತ್ತಿವರಸೆಯ ಹಾಗೆ ನೋಡಬಹುದೆಂದು ತೋರಿಸಿದ ಚಿತ್ರ ಅದು.

ಕನ್ನಡದಲ್ಲಿ ಹಾಡು ಬೇರೊಂದು ದಾರಿ ಹಿಡಿಯಿತು. ‘ಪ್ರೇಮಲೋಕ’ (1987) ಕಾಲೇಜು ಹುಡುಗರ ಮಾತುಕತೆಯನ್ನೇ ಹಾಡಾಗಿಸಿತು. ರವಿಚಂದ್ರನ್ ಅದಕ್ಕೆ ‘ಗ್ರೀಸ್ 2’ರ ಬೈಕು, ಜಾಕೆಟ್ಟುಗಳನ್ನು ತಂದಿರಬಹುದು, ಆಡುಮಾತಿನ ಲಯ ಮಾತ್ರ ಅಪ್ಪಟ ಹಂಸಲೇಖರದು. ಅದನ್ನು ಮಾಡಿದ ಅದೇ ಹಂಸಲೇಖರಿಗೆ ರಾಷ್ಟ್ರಪ್ರಶಸ್ತಿ ಬಂದದ್ದು 1995ರ ‘ಗಾನಯೋಗಿ ಪಂಚಾಕ್ಷರಿ ಗವಾಯಿ’ಗೆ. ಹಿಂದಿಯ ಬಂದಿಶ್ ಹಾಡಿದ್ದಕ್ಕೆ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರಿಗೂ ಅದೇ ಚಿತ್ರಕ್ಕೆ ಪ್ರಶಸ್ತಿ ಬಂತು. ಬೈಕಿನಿಂದ ತಂಬೂರಿಗೆ ಎಂಟೇ ವರ್ಷ!

ಇನ್ನು ನಗಿಸುವ ಪ್ರೇಮಕಥೆ. 1934ರಲ್ಲಿ, ನಮ್ಮ ‘ಸತಿ ಸುಲೋಚನ’ದ ವರ್ಷವೇ, ಅಮೆರಿಕದಲ್ಲಿ ‘ಇಟ್ ಹ್ಯಾಪನ್ಡ್ ಒನ್ ನೈಟ್’ ಬಂದು ಈ ಬಗೆಯ ಚಿತ್ರಕ್ಕೆ ವ್ಯಾಕರಣ ಹಾಕಿಕೊಟ್ಟಿತು. ಹಿಂದಿಯವರು ಅದನ್ನು ‘ಚೋರಿ ಚೋರಿ’ (1956) ಎಂದೂ ‘ದಿಲ್ ಹೈ ಕಿ ಮಾನ್‌ತಾ ನಹೀಂ’ (1991) ಎಂದೂ ಮಾಡಿದರು. ನಮ್ಮವರು 2007ರಲ್ಲಿ ‘ಹುಡುಗಾಟ’ ಎಂದರು. ಆದರೂ ಬಹುಕಾಲ ನಮ್ಮಲ್ಲಿ ಪ್ರೀತಿ ನಾಯಕನ ಪಾಲಿಗೆ, ನಗು ಹಾಸ್ಯನಟ ನರಸಿಂಹರಾಜು ಅವರ ಪಾಲಿಗೆ. ಇಬ್ಬರಿಗೂ ಬೇರೆ ಬೇರೆ ದೃಶ್ಯಗಳು. ಎರಡನ್ನೂ ಒಬ್ಬನೇ ಮಾಡಬಹುದೆಂದು ಹಿಂದಿಯಲ್ಲಿ ಹೃಷೀಕೇಶ್ ಮುಖರ್ಜಿ, ಬಾಸು ಚಟರ್ಜಿ, ಸಾಯಿ ಪರಾಂಜಪೆ ಎಪ್ಪತ್ತರ ದಶಕದ ನಡುವಿನಿಂದ ತೋರಿಸಿದರು. ಕನ್ನಡದಲ್ಲಿ ಅದನ್ನು ಸಲೀಸಾಗಿ ಮಾಡಿದವರು ಅನಂತನಾಗ್.

‘ಗಣೇಶನ ಮದುವೆ’ಯನ್ನು (1990) ನಾನು ಈ ಬಗೆಯ ಅತ್ಯುತ್ತಮ ಕನ್ನಡ ಚಿತ್ರವೆನ್ನುತ್ತೇನೆ, ಯಾರು ಬೇಕಾದರೂ ಜಗಳಕ್ಕೆ ಬರಲಿ. ಒಂದೇ ವಠಾರ. ಮುಖ ಕಂಡರೆ ಉರಿದುಬೀಳುವ ಇಬ್ಬರು. ಹುಡುಗಿ ಬೇರೆ ಹೆಸರಿನಲ್ಲಿ ಹಾಡುವವಳು. ಅವಳೇ ಇವಳೆಂದು ತಿಳಿಯದೆ ಇವನು ಆ ಹೆಸರಿಗೆ ಪತ್ರ ಬರೆದು ಮನಸೋಲುತ್ತಾನೆ. ಪತ್ರದಲ್ಲಿ ಪ್ರೀತಿ, ಎದುರುಬದುರಾದರೆ ವೈರ ಎಂಬ ಈ ಹೆಣಿಗೆ 1940ರ ‘ದ ಶಾಪ್ ಅರೌಂಡ್ ದ ಕಾರ್ನರ್’ನಲ್ಲಿತ್ತು, ಅದು 1998ರಲ್ಲಿ ‘ಯೂ ಹ್ಯಾವ್ ಗಾಟ್ ಮೇಲ್’ ಆಗಿ ಮತ್ತೆ ಬಂತು. ಆ ಎರಡರ ನಡುವೆ ಫಣಿ ರಾಮಚಂದ್ರ ಅದಕ್ಕೊಂದು ಬೆಂಗಳೂರಿನ ವಠಾರ ಕಟ್ಟಿದರು. ಮುಖ್ಯಮಂತ್ರಿ ಚಂದ್ರು ಅವರ ಮಾಲೀಕ, ಬಾಡಿಗೆದಾರರ ಕಿತ್ತಾಟ, ಕಿವಿಗೊಟ್ಟು ನಿಂತ ನೆರೆಹೊರೆ. ಇವಿಲ್ಲದಿದ್ದರೆ ಪತ್ರದ ಗುಟ್ಟಿಗೆ ಬೆಲೆಯೇ ಇರುತ್ತಿರಲಿಲ್ಲ. ‘ಬೆಳದಿಂಗಳ ಬಾಲೆ’ (1995) ಪತ್ರದ ಬದಲು ಫೋನ್ ಹಿಡಿಯಿತು. ಆ ಫೋನೂ ಗೋಡೆಗಂಟಿದ ಕಾಲದ್ದು, ಕರೆ ಮಾಡಿದವಳು ಯಾರೆಂದು ಪರದೆಯ ಮೇಲೆ ಮೂಡುತ್ತಿರಲಿಲ್ಲ.

ಮೊಬೈಲ್ ಬಂದ ಮೇಲೆ ಈ ಚಿತ್ರಗಳ ಕಷ್ಟ ಶುರುವಾಯಿತು. ‘ಮುಂಗಾರು ಮಳೆ’ (2006) ಮಾತಿನ ಮೋಡಿಯಿಂದ ಗೆದ್ದಿತು. ಅದರ ಬೆನ್ನಿಗೆ ಬಂದ ಹತ್ತಾರು ಚಿತ್ರಗಳಲ್ಲಿ ನಾಯಕ ಎಡೆಬಿಡದೆ ಮಾತಾಡುತ್ತಾನೆ, ಏಕೆಂದರೆ ಬೇರೇನೂ ಅಡ್ಡಿಯಿಲ್ಲ. ರಾಜ್ ಬಿ. ಶೆಟ್ಟಿ ‘ಒಂದು ಮೊಟ್ಟೆಯ ಕಥೆ’ಯಲ್ಲಿ (2017) ಅಡ್ಡಿಯನ್ನು ನಾಯಕನ ತಲೆಯ ಮೇಲೆಯೇ ಇಟ್ಟರು. ಮಂಗಳೂರಿನ ಕನ್ನಡ ಮೇಷ್ಟ್ರು, ರಾಜ್‌ಕುಮಾರ್ ಭಕ್ತ, ಕೂದಲಿಲ್ಲ, ಹೆಣ್ಣು ಸಿಗುತ್ತಿಲ್ಲ. ಅವನಿಗೆ ತನ್ನ ಬೋಳುತಲೆಯ ಬಗ್ಗೆ ಇರುವ ಸಂಕಟ ಎಷ್ಟೋ, ತಾನು ಹುಡುಕುವ ಹೆಣ್ಣಿನ ಅಂದದ ಬಗ್ಗೆ ಇರುವ ಹಟವೂ ಅಷ್ಟೇ. ನಗಿಸುತ್ತಲೇ ಚುಚ್ಚುವ ಚಿತ್ರ.

ಈ ಪರಂಪರೆ ಜಾಣತನದಿಂದ ಬಿಟ್ಟುಬಿಟ್ಟ ಅಡ್ಡಿಯೊಂದಿದೆ: ಜಾತಿ. ವಠಾರದಲ್ಲಿ ಜಗಳವಾಡಿದವರು ಕೊನೆಗೆ ಮದುವೆಯಾಗಬಲ್ಲರು, ಏಕೆಂದರೆ ಆಗಬಲ್ಲವರನ್ನೇ ಕಥೆ ಅಲ್ಲಿ ಬಾಡಿಗೆಗೆ ಇಟ್ಟಿರುತ್ತದೆ. ನಾಗರಾಜ ಮಂಜುಳೆಯವರ ‘ಸೈರಾಟ್’ (2016) ಮೊದಲರ್ಧದಲ್ಲಿ ಈ ನಗೆಯ ಪ್ರೇಮಕಥೆಯ ಎಲ್ಲ ಆಟಗಳನ್ನೂ ಆಡಿ, ಆಮೇಲೆ ಅದರ ನಿಜವಾದ ಬೆಲೆಯನ್ನು ಮುಂದಿಟ್ಟಿತು. ರಿಂಕು ರಾಜಗುರು ಅದೇ ಪಾತ್ರವನ್ನು ಮರುವರ್ಷ ಕನ್ನಡದ ‘ಮನಸು ಮಲ್ಲಿಗೆ’ಯಲ್ಲೂ ಮಾಡಿದರು.

ಜೀವನಚರಿತ್ರೆಯ ಬೇರು ಹಾಡಿನಲ್ಲೇ ಇದೆ. ಪ್ರಭಾತ್ ಕಂಪನಿಯ ‘ಸಂತ ತುಕಾರಾಮ್’ (1936) ಚರಿತ್ರೆಯೂ ಹೌದು, ಅಭಂಗಗಳ ಮಾಲೆಯೂ ಹೌದು. ವೆನಿಸ್ಸಿನ ಚಿತ್ರೋತ್ಸವದವರೆಗೆ ಹೋಯಿತು. ವಿಷ್ಣುಪಂತ ಪಾಗನೀಸ್ ಅವರ ತುಕಾರಾಮನಷ್ಟೇ ಮುಖ್ಯ ಅವನನ್ನು ಬೈಯುವ ಹೆಂಡತಿ. ಅಂಥ ಬಾಯಿ ನಮ್ಮ ಆಮೇಲಿನ ಮಹಾಪುರುಷರ ಮನೆಗಳಲ್ಲಿ ಅಪರೂಪವಾಯಿತು. ರಾಜ್ಯ ಒಂದಾದ ಹೊಸತರಲ್ಲಿ ಕನ್ನಡಕ್ಕೆ ತನ್ನವರೆಂದು ಹೇಳಿಕೊಳ್ಳಲು ವೀರರೂ ದಾಸರೂ ಬೇಕಿದ್ದರು. 1960ರಲ್ಲಿ ‘ಭಕ್ತ ಕನಕದಾಸ’, ‘ರಣಧೀರ ಕಂಠೀರವ’ ಎರಡೂ ಬಂದವು, ಎರಡರಲ್ಲೂ ರಾಜ್‌ಕುಮಾರ್. ಮರುವರ್ಷ ‘ಕಿತ್ತೂರು ಚೆನ್ನಮ್ಮ’. ಆ ಹಸಿವು ನ್ಯಾಯವಾದದ್ದು. ಅಭ್ಯಾಸ ಮಾತ್ರ ಹಸಿವು ತೀರಿದ ಮೇಲೂ ಉಳಿಯಿತು. ನಾಯಕನಿಗೆ ಬರುವ ಅಡ್ಡಿಯೆಲ್ಲ ಹೊರಗಿನದು, ಒಳಗೆ ಅವನು ಹುಟ್ಟಿದಂದಿನಿಂದಲೇ ಶುದ್ಧ. ನಾಗಾಭರಣರ ‘ಸಂತ ಶಿಶುನಾಳ ಶರೀಫ’ (1990) ಇದಕ್ಕೆ ಹೊರತು. ಅಲ್ಲಿ ಗುರುವೂ ಶಿಷ್ಯನೂ ಊರವರ ಕಣ್ಣಿಗೆ ತುಸು ಹುಚ್ಚರ ಹಾಗೇ ಕಾಣುತ್ತಾರೆ.

ಈಗಿನ ಜೀವನಚರಿತ್ರೆಗಳದು ಇನ್ನೊಂದು ತೊಡಕು: ಹತ್ತಿರದವರೇ ಮಾಡುವುದು. ನಾಗಪುರದಲ್ಲಿ ಹುಟ್ಟಿ ಬೆಳೆದ ರಾಜ್‌ಕುಮಾರ್ ಹಿರಾನಿ ‘ಸಂಜು’ (2018) ಮಾಡಿದರು. ಅದು ಅವರದೇ ಮುನ್ನಾಭಾಯಿ ಚಿತ್ರಗಳ ನಾಯಕ ಸಂಜಯ್ ದತ್ ಅವರ ಕಥೆ. ರಣಬೀರ್ ಕಪೂರ್ ಅದ್ಭುತವಾಗಿ ನಟಿಸಿದ ಆ ಚಿತ್ರ ಕೊನೆಗೆ ಗೆಳೆಯನ ಪರವಾದ ವಕಾಲತ್ತಾಯಿತು. ವಿಜಯ ಸಂಕೇಶ್ವರರ ಕಥೆ ‘ವಿಜಯಾನಂದ್’ (2022) ಬಂದದ್ದು ಅವರದೇ ಲಾರಿ ಸಾರಿಗೆ ಸಂಸ್ಥೆಯಾದ ವಿಆರ್‌ಎಲ್ ಬಳಗದ ಚಿತ್ರಸಂಸ್ಥೆಯಿಂದ. ಲಾರಿಗಳ ಕಥೆ ರೋಚಕವಾಗಿದೆ, ಮನುಷ್ಯನ ಕಥೆಯಲ್ಲಿ ಬ್ರೇಕೇ ಇಲ್ಲ.

ಹಾಗೆ ನೋಡಿದರೆ ವಸಂತರಾವ್ ದೇಶಪಾಂಡೆ ಅವರ ಕಥೆ ‘ಮೀ ವಸಂತರಾವ್’ ಕೂಡ ಮನೆಯವರದೇ. ಮೊಮ್ಮಗ ರಾಹುಲ್ ದೇಶಪಾಂಡೆ ಅಜ್ಜನ ಪಾತ್ರ ಮಾಡಿ, ಹಾಡಿ, ರಾಷ್ಟ್ರಪ್ರಶಸ್ತಿಯನ್ನೂ ಪಡೆದರು. ಆದರೆ ಅಲ್ಲಿ ಅಡ್ಡಿ ಅಜ್ಜನ ಒಳಗೂ ಇದೆ. ತಾಯಿ ಒಂಟಿಯಾಗಿ ನಾಗಪುರದಲ್ಲಿ ಬೆಳೆಸಿದ ಹುಡುಗ, ಮಿಲಿಟರಿ ಲೆಕ್ಕಪತ್ರ ಇಲಾಖೆಯ ಗುಮಾಸ್ತ, ಯಾವ ಘರಾಣೆಯೂ ಪೂರ್ತಿ ನನ್ನವನೆನ್ನದ ಗಾಯಕ. ನೌಕರಿ ಬಿಡಲು ಧೈರ್ಯ ಸಾಲದೆ ವರ್ಷಗಳನ್ನು ನೂಕುತ್ತಾನೆ. ‘ಕಟ್ಯಾರ್’ ಸಿಗುವ ಹೊತ್ತಿಗೆ ಅವನಿಗೆ ನಲವತ್ತೇಳು.

‘ಮೀ ವಸಂತರಾವ್’ 2022ರ ಏಪ್ರಿಲ್ ಮೊದಲ ದಿನ ತೆರೆಕಂಡಿತು. ಅದಕ್ಕೆ ನಾಲ್ಕು ವಾರ ಮುಂಚೆ ಮಂಜುಳೆಯವರ ‘ಝುಂಡ್’ ಬಂದಿತ್ತು. ಕೊಳೆಗೇರಿಯ ಮಕ್ಕಳಿಗೆ ಫುಟ್‌ಬಾಲ್ ಕಲಿಸಿದ, ಇಲ್ಲಿನ ಹಿಸ್ಲಾಪ್ ಕಾಲೇಜಿನ ವಿಜಯ್ ಬರ್ಸೆ ಅವರಿಂದ ಪ್ರೇರಿತ ಕಥೆ. ಮೇಷ್ಟ್ರಾಗಿ ಅಮಿತಾಭ್ ಬಚ್ಚನ್. ಚಿತ್ರ ಉದ್ದವಾಯಿತು, ಒಪ್ಪುತ್ತೇನೆ. ಆದರೂ ಈ ಬಗೆಯಲ್ಲಿ ನನಗೆ ಅತಿ ಪ್ರಿಯವಾದದ್ದು ಅದೇ. ಕಾಲೇಜಿಗೂ ಕೊಳೆಗೇರಿಗೂ ನಡುವೆ ಒಂದು ಗೋಡೆ. ‘ಭಕ್ತ ಕನಕದಾಸ’ದಲ್ಲಿ ಉಡುಪಿಯ ಗುಡಿಯ ಗೋಡೆ ಕನಕನ ಭಕ್ತಿಗೆ ಬಿರಿಯುತ್ತದೆ. ಇಲ್ಲಿನದು ಯಾವ ಹಾಡಿಗೂ ಬಿರಿಯುವುದಿಲ್ಲ, ಅದನ್ನು ದಾಟಿ ಹೊರದೇಶದಲ್ಲಿ ಆಡಲು ಪಾಸ್‌ಪೋರ್ಟು ಬೇಕು, ಪಾಸ್‌ಪೋರ್ಟಿಗೆ ಕಾಗದ ಬೇಕು. ಹಾಗಾಗಿ ಚಿತ್ರ ನಡುವೆಲ್ಲೋ ತನ್ನ ಸೂಪರ್‌ಸ್ಟಾರನ್ನು ಪಕ್ಕಕ್ಕೆ ಕೂರಿಸಿ, ರಿಂಕು ರಾಜಗುರುವಿನ ಆದಿವಾಸಿ ಹುಡುಗಿಯ ಹಿಂದೆ ಹೊರಡುತ್ತದೆ. ತಾನು ಈ ದೇಶದವಳೇ ಎಂದು ರುಜುವಾತು ಮಾಡಲು ಅವಳು ಅಪ್ಪನೊಂದಿಗೆ ಕಚೇರಿಯಿಂದ ಕಚೇರಿಗೆ ಅಲೆಯುತ್ತಾಳೆ.