ಬೂಟ್‌ಸ್ಟ್ರಾಪ್ ತಾಣಕ್ಕೆ ಸ್ವಂತ ರೂಪ: ವೇರಿಯಬಲ್‌ಗಳ ಬಳಕೆ ಹೇಗೆ?

ಅಂತರ್ಜಾಲದಲ್ಲಿ ಸಂಚರಿಸುವವರಿಗೆ ಒಂದು ಬಗೆಯ ನೀಲಿ ಗುಂಡಿ ಚಿರಪರಿಚಿತ. ಕಾಲೇಜು, ಸಹಕಾರಿ ಬ್ಯಾಂಕು, ಪ್ರವಾಸಿ ಸಂಸ್ಥೆ ಯಾವುದರ ತಾಣವೇ ಇರಲಿ, ಅದೇ ಗುಂಡಿ, ಅದೇ ದುಂಡಗಿನ ಅಂಚು, ಅದೇ ಅಕ್ಷರ. ಇಂತಹ ಅನೇಕ ತಾಣಗಳ ಹಿಂದಿರುವುದು ಬೂಟ್‌ಸ್ಟ್ರಾಪ್ ಎಂಬ ಉಚಿತ ವಿನ್ಯಾಸ ಚೌಕಟ್ಟು. ಟ್ವಿಟರ್ ಸಂಸ್ಥೆಯಲ್ಲಿದ್ದ ಮಾರ್ಕ್ ಒಟ್ಟೊ ಮತ್ತು ಜೇಕಬ್ ಥಾರ್ನ್‌ಟನ್ ರೂಪಿಸಿದ ಇದು 2011ರ ಆಗಸ್ಟ್‌ನಲ್ಲಿ ಮುಕ್ತ ತಂತ್ರಾಂಶವಾಗಿ ಹೊರಬಂತು. ತಾಣಗಳೆಲ್ಲ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತೆ ಕಾಣುವುದು ಚೌಕಟ್ಟಿನ ದೋಷವಲ್ಲ. ಅದರೊಳಗಿನ ವೇರಿಯಬಲ್‌ಗಳನ್ನು ಮುಟ್ಟದೆಯೇ ಬಿಟ್ಟದ್ದರ ಫಲ.

ಗಣಿತದ ಚರಾಕ್ಷರದಂತೆಯೇ ಇಲ್ಲಿಯೂ ವೇರಿಯಬಲ್ ಎಂದರೆ ಒಂದು ಬೆಲೆಗೆ ಕೊಟ್ಟ ಹೆಸರು. ಬೂಟ್‌ಸ್ಟ್ರಾಪ್‌ನ ಐದನೇ ಆವೃತ್ತಿಯಲ್ಲಿ 'ಪ್ರೈಮರಿ' ಎಂಬ ಹೆಸರಿಗೆ ಆ ಪರಿಚಿತ ನೀಲಿ ಬಣ್ಣವನ್ನು ಕೊಡಲಾಗಿದೆ. ಗುಂಡಿ, ಕೊಂಡಿ, ಪುಟಸಂಖ್ಯೆ, ಪ್ರಗತಿಸೂಚಕ ಪಟ್ಟಿ ಎಲ್ಲವೂ ಬಣ್ಣಕ್ಕಾಗಿ ಈ ಹೆಸರನ್ನೇ ಆಶ್ರಯಿಸಿವೆ. ಬೆಲೆಯನ್ನು ಒಂದು ಕಡೆ ತಿದ್ದಿದರೆ ಇಡೀ ತಾಣ ಬದಲಾಗುತ್ತದೆ. ಮೂರನೇ ಆವೃತ್ತಿಯವರೆಗೆ ಈ ಕೆಲಸ 'ಲೆಸ್' ಭಾಷೆಯಲ್ಲಿ ನಡೆಯುತ್ತಿತ್ತು. 2018ರ ಜನವರಿಯಲ್ಲಿ ಬಂದ ನಾಲ್ಕನೇ ಆವೃತ್ತಿಯಿಂದ 'ಸ್ಯಾಸ್' ಅದರ ಸ್ಥಾನಕ್ಕೆ ಬಂದಿದೆ. ತಾಣದಲ್ಲೇ ಬೆಲೆಗಳನ್ನು ತುಂಬಿ ಸಿದ್ಧ ಕಡತ ಪಡೆಯುವ ಹಿಂದಿನ ಸೌಲಭ್ಯವೂ ನಾಲ್ಕನೇ ಆವೃತ್ತಿಯೊಂದಿಗೆ ನಿಂತುಹೋಯಿತು. ಹೊಸಬರಿಗೆ ಇದೊಂದು ನಷ್ಟವೇ ಸರಿ.

ಮೂಲ ಕಡತ ಮುಟ್ಟುವಂತಿಲ್ಲ

ಚೌಕಟ್ಟಿನ ವೇರಿಯಬಲ್ ಕಡತವನ್ನೇ ತೆರೆದು ತಿದ್ದುವುದು ಅನೇಕರು ಹಿಡಿಯುವ ಸುಲಭದ ದಾರಿ. ಆದರೆ ಮುಂದಿನ ಆವೃತ್ತಿಯನ್ನು ಅಳವಡಿಸಿದ ದಿನ ಆ ತಿದ್ದುಪಡಿಗಳೆಲ್ಲ ಅಳಿಸಿಹೋಗುತ್ತವೆ. ಅದರ ಅಗತ್ಯವೂ ಇಲ್ಲ. ಬೂಟ್‌ಸ್ಟ್ರಾಪ್‌ನ ಸ್ಯಾಸ್ ವೇರಿಯಬಲ್‌ಗಳಿಗೆ 'ಡೀಫಾಲ್ಟ್' ಎಂಬ ಗುರುತು ಅಂಟಿಸಲಾಗಿದೆ. ಈ ಹೆಸರಿಗೆ ಮೊದಲೇ ಬೆಲೆ ನಿಗದಿಯಾಗಿದ್ದರೆ ಅದನ್ನೇ ಉಳಿಸಿಕೊ, ಇಲ್ಲವಾದರೆ ಮಾತ್ರ ಇದನ್ನು ಬಳಸು ಎಂಬುದು ಅದರ ಅರ್ಥ. ಆದ್ದರಿಂದ ಸ್ವಂತ ಬೆಲೆಗಳನ್ನು ಪ್ರತ್ಯೇಕ ಕಡತದಲ್ಲಿ ಬರೆದು, ಅದರ ನಂತರ ಚೌಕಟ್ಟನ್ನು ಸೇರಿಸಿಕೊಳ್ಳಬೇಕು. ಕ್ರಮ ತಿರುವುಮುರುವಾದರೆ ದೋಷಸೂಚನೆ ಬರುವುದಿಲ್ಲ, ತಾಣವೂ ಬದಲಾಗುವುದಿಲ್ಲ.

ಹೀಗೆ ಬದಲಿಸಬಹುದಾದ ಅಂಶಗಳು ನೂರಾರು. ಎಂಟು ಮುಖ್ಯ ಬಣ್ಣಗಳು, ಅಂತರಗಳಿಗೆಲ್ಲ ಆಧಾರವಾದ 'ಸ್ಪೇಸರ್', ಪರದೆಯ ಅಗಲಕ್ಕೆ ತಕ್ಕಂತೆ ಪುಟ ಮರುಜೋಡಣೆಯಾಗುವ 576, 768, 992, 1200 ಮತ್ತು 1400 ಪಿಕ್ಸೆಲ್‌ಗಳ ಹಂತಗಳು, ದುಂಡಗಿನ ಅಂಚು ಬೇಕೇ ಬೇಡವೇ ಎಂಬ ಸ್ವಿಚ್ಚು ಇತ್ಯಾದಿ. ಬಣ್ಣ ಬದಲಾದಾಗ ಗುಂಡಿಯ ಮೇಲಿನ ಅಕ್ಷರದ ಬಣ್ಣವನ್ನೂ ಚೌಕಟ್ಟೇ ಲೆಕ್ಕ ಹಾಕುತ್ತದೆ. ನೀಲಿಯ ಜಾಗಕ್ಕೆ ಅರಿಶಿನ ಬಣ್ಣ ಬಂದರೆ ಬಿಳಿ ಅಕ್ಷರಗಳು ತಾವಾಗಿಯೇ ಕಪ್ಪಾಗುತ್ತವೆ. ಹಿನ್ನೆಲೆಗೂ ಅಕ್ಷರಕ್ಕೂ 4.5ಕ್ಕೆ 1ರಷ್ಟು ವ್ಯತ್ಯಾಸವಿರಬೇಕೆಂಬ ನಿಯಮವೇ ಇದಕ್ಕೆ ಆಧಾರ.

ಎರಡು ಬಗೆಯ ವೇರಿಯಬಲ್

ಸ್ಯಾಸ್ ವೇರಿಯಬಲ್‌ಗಳು ಅಡುಗೆಮನೆಯಲ್ಲೇ ಉಳಿಯುವಂಥವು. ಕಡತ ಸಿದ್ಧವಾಗಿ ಓದುಗನ ಬ್ರೌಸರ್‌ಗೆ ತಲುಪುವ ವೇಳೆಗೆ ಅವು ಇರುವುದಿಲ್ಲ, ಬೆಲೆಗಳಷ್ಟೇ ಇರುತ್ತವೆ. ಸಿಎಸ್‌ಎಸ್ ವೇರಿಯಬಲ್‌ಗಳು ಹಾಗಲ್ಲ. ಅವು ಬ್ರೌಸರ್‌ನಲ್ಲಿಯೂ ಜೀವಂತವಾಗಿದ್ದು, ಪುಟ ತೆರೆದಿರುವಾಗಲೇ ಬದಲಾಗಬಲ್ಲವು. 2023ರ ಮೇ ತಿಂಗಳಲ್ಲಿ ಬಂದ 5.3ನೇ ಆವೃತ್ತಿಯ ಕಪ್ಪು ಹಿನ್ನೆಲೆಯ ಸೌಲಭ್ಯ ನಿಂತಿರುವುದು ಇವುಗಳ ಮೇಲೆಯೇ.

ಎಡವುವುದು ಕೂಡ ಇಲ್ಲಿಯೇ. 'ಬಿಎಸ್ ಪ್ರೈಮರಿ' ಎಂಬ ಸಿಎಸ್‌ಎಸ್ ವೇರಿಯಬಲ್ ಒಂದನ್ನೇ ಬದಲಿಸಿದರೆ ನೀಲಿ ಗುಂಡಿ ನೀಲಿಯಾಗಿಯೇ ಉಳಿಯುತ್ತದೆ. ಗುಂಡಿಗೆ ತನ್ನದೇ ಆದ ವೇರಿಯಬಲ್‌ಗಳಿದ್ದು, ಸ್ಯಾಸ್ ಆಗಲೇ ಲೆಕ್ಕ ಹಾಕಿದ ಬಣ್ಣ ಅವುಗಳಲ್ಲಿ ಕುಳಿತಿರುತ್ತದೆ. ಗುಂಡಿಯ ಬಣ್ಣ ಬದಲಾಗಬೇಕಿದ್ದರೆ ಗುಂಡಿಯ ವೇರಿಯಬಲ್‌ಗಳನ್ನೇ ತಿದ್ದಬೇಕು ಅಥವಾ ಸ್ಯಾಸ್‌ಗೇ ಮರಳಬೇಕು. ಪರದೆಯ ಅಗಲದ ಹಂತಗಳಂತೂ ಸಿಎಸ್‌ಎಸ್ ವೇರಿಯಬಲ್‌ಗಳಿಗೆ ಎಟುಕುವುದೇ ಇಲ್ಲ.

ಒತ್ತಕ್ಷರದ ಪ್ರಶ್ನೆ

ಕನ್ನಡ ತಾಣಗಳ ಪಾಲಿಗೆ ಬಣ್ಣಕ್ಕಿಂತ ಮುಖ್ಯವಾದುದು ಸಾಲುಗಳ ನಡುವಿನ ಅಂತರ. ಬೂಟ್‌ಸ್ಟ್ರಾಪ್‌ನಲ್ಲಿ ಸಾಲಿನ ಎತ್ತರ ಅಕ್ಷರ ಗಾತ್ರದ 1.5 ಪಟ್ಟು, ಶೀರ್ಷಿಕೆಗಳಲ್ಲಿ 1.2 ಪಟ್ಟು ಮಾತ್ರ. ಇಂಗ್ಲಿಷ್ ಶೀರ್ಷಿಕೆಗೆ ಇದು ಒಪ್ಪುತ್ತದೆ. 'ರಾಷ್ಟ್ರ', 'ಶಾಸ್ತ್ರ' ಎಂಬ ಪದಗಳು ಮೇಲಿನ ಸಾಲಿನಲ್ಲಿದ್ದರೆ ಅವುಗಳ ಒತ್ತುಗಳು ಇಳಿದು ಕೆಳಸಾಲಿನ ಗುಡಿಸುಗಳಿಗೆ ತಾಗುವಂತಾಗುತ್ತವೆ. ಶೀರ್ಷಿಕೆಯ ಬೆಲೆಯನ್ನು 1.4ಕ್ಕೂ, ಪಠ್ಯದ್ದನ್ನು 1.7ಕ್ಕೂ ಏರಿಸಿ ನೋಡುವುದು ಉಚಿತ. ಆದರೆ ಗುಂಡಿ ಮತ್ತು ಅರ್ಜಿ ನಮೂನೆಗಳ ಎತ್ತರವೂ ಪಠ್ಯದ ಬೆಲೆಯನ್ನೇ ಅನುಸರಿಸುವುದರಿಂದ ಅವೂ ಉಬ್ಬುತ್ತವೆ. ಅವುಗಳಿಗೆ ಬೇರೆ ವೇರಿಯಬಲ್ ಇದೆ.

ಅಕ್ಷರಶೈಲಿಯದೂ ಇದೇ ಕಥೆ. ಚೌಕಟ್ಟಿನ ಪಟ್ಟಿಯಲ್ಲಿ 'ನೋಟೊ ಸ್ಯಾನ್ಸ್' ಇದೆಯಾದರೂ ಅದರಲ್ಲಿ ಕನ್ನಡ ಅಕ್ಷರಗಳಿಲ್ಲ. ಪರಿಣಾಮವಾಗಿ ಬ್ರೌಸರ್ ತನಗೆ ಸಿಕ್ಕಿದ ಫಾಂಟನ್ನು ಬಳಸುತ್ತದೆ: ಹಳೆಯ ವಿಂಡೋಸ್‌ನಲ್ಲಿ 'ತುಂಗಾ', ಹೊಸತರಲ್ಲಿ 'ನಿರ್ಮಲಾ', ಆಂಡ್ರಾಯ್ಡ್‌ನಲ್ಲಿ ಮತ್ತೊಂದು. ಅಕ್ಷರಶೈಲಿಯ ವೇರಿಯಬಲ್‌ನಲ್ಲಿ 'ನೋಟೊ ಸ್ಯಾನ್ಸ್ ಕನ್ನಡ'ದಂತಹ ಉಚಿತ ಫಾಂಟನ್ನು ಹೆಸರಿಸಿ, ಅದರ ಕಡತವನ್ನೂ ತಾಣದೊಂದಿಗೆ ಒದಗಿಸಿದರೆ ಎಲ್ಲೆಡೆ ಒಂದೇ ರೂಪ ಸಿಗುತ್ತದೆ.

ಈ ಕೆಲಸಕ್ಕೆ ಇಳಿದವರಿಗೆ ಸ್ಯಾಸ್ ಎಚ್ಚರಿಕೆಗಳು ಸಾಲುಸಾಲಾಗಿ ಕಾಣಿಸಿಕೊಂಡರೆ ಗಾಬರಿ ಬೇಕಿಲ್ಲ. ಐದನೇ ಆವೃತ್ತಿ ಕಡತಗಳನ್ನು ಸೇರಿಸಿಕೊಳ್ಳಲು ಬಳಸುವ 'ಇಂಪೋರ್ಟ್' ವಿಧಾನ ಹಳತಾಯಿತೆಂದು ಸ್ಯಾಸ್ 2024ರಲ್ಲಿ ಘೋಷಿಸಿದ್ದು, ಮುಂದಿನ ದೊಡ್ಡ ಆವೃತ್ತಿಯೊಂದರಲ್ಲಿ ಅದನ್ನು ಕೈಬಿಡಲಿದೆ. ಅಲ್ಲಿಯವರೆಗೆ ಎಚ್ಚರಿಕೆ ಬಂದರೂ ಕಡತ ಸಿದ್ಧವಾಗುತ್ತದೆ.